300 ಬಾತ್ ಕಡಿಮೆ

ರಾಯರೇ, ಮೊನ್ನೆ ಭಾನುವಾರ ಮಾಟುಂಗಾದ ಮೈಸೂರು ಅಸೋಸಿಯೇಷನ್‌ನಲ್ಲಿ ಸಿಕ್ಕಾಗ ನೀವೊಂದು ಮಾತು ಕೇಳಿದಿರಿ. ಥಾಯ್ಲೆಂಡ್‌ನಲ್ಲಿ ನಿವೃತ್ತರ ವೀಸಾವನ್ನು ವರ್ಷ ವರ್ಷ ಮುಂದುವರಿಸಲು ಬ್ಯಾಂಕಿನಲ್ಲಿ 8 ಲಕ್ಷ ಬಾತ್ ಇರಬೇಕಂತೆ, ಅರ್ಜಿ ಕೊಡುವ ವಾರ ಹಾಕಿ, ಸೀಲ್ ಬಿದ್ದ ಮೇಲೆ ತೆಗೆದರೆ ಆಗಲ್ವಾ ಅಂತ. ಅಷ್ಟರಲ್ಲಿ ಊಟಕ್ಕೆ ಕರೆದರು, ಮಾತು ಅಲ್ಲೇ ನಿಂತಿತು.

ಆಗಲ್ಲ. (ನಿಮ್ಮ ಮನೆಯವರು ಪಕ್ಕದಲ್ಲಿ ನಕ್ಕಿದ್ದು ಕೇಳಿಸಿತು. ಬಾತ್ ಅಂದರೆ ಅಲ್ಲಿಯ ದುಡ್ಡು, ವಾಂಗಿಬಾತ್ ಅಲ್ಲ ಅಂತ ಹೇಳಿಬಿಡಿ.)

ಅರ್ಜಿ ಕೊಡುವ ದಿನಕ್ಕೆ ಎರಡು ತಿಂಗಳು ಮೊದಲೇ 8 ಲಕ್ಷ ಖಾತೆಯಲ್ಲಿ ಕೂತಿರಬೇಕು. ಸೀಲ್ ಬಿದ್ದ ಮೇಲೂ ಮೂರು ತಿಂಗಳು ಮುಟ್ಟುವ ಹಾಗಿಲ್ಲ. ಆಮೇಲೆ ಬೇಕಾದರೆ 4 ಲಕ್ಷದವರೆಗೆ ಇಳಿಸಬಹುದು, ಅದರ ಕೆಳಗೆ ಇಲ್ಲ. ಮುಂದಿನ ಅರ್ಜಿಯ ಹೊತ್ತಿಗೆ ಮತ್ತೆ ಏರಿಸಬೇಕು. 2019ರ ಮಾರ್ಚ್‌ಗೆ ಮೊದಲು ಸೀಲ್ ಬಿದ್ದ ಮೇಲಿನ ಈ ಕಟ್ಟುಪಾಡು ಇರಲಿಲ್ಲ. ಸೀಲ್ ಆದ ಮೇಲೆ ತೆಗೆಯಬಹುದು ಅಂತ ನಿಮಗೆ ಯಾರೋ ಹೇಳಿದ್ದರೆ ಅದು ಆ ಕಾಲದ ಕಥೆ ಇರಬೇಕು. ತಿಂಗಳಿಗೆ 65,000 ಬಾತ್ ಆದಾಯ ತೋರಿಸುವ ದಾರಿಯೂ ಇದೆ, ಆದರೆ ನಮ್ಮ ನಿಮ್ಮ ಪೆನ್ಷನ್ ಅಲ್ಲಿಗೆ ಮುಟ್ಟಲ್ಲ.

ಮುಂಬೈಯಲ್ಲಿ ಬಾಡಿಗೆ ಮನೆಗೆ ಹೆವಿ ಡಿಪಾಸಿಟ್ ಕೊಡ್ತೀವಲ್ಲ, ಇದನ್ನೂ ಹಾಗೇ ನೋಡಿ. ದುಡ್ಡು ನಿಮ್ಮದೇ, ಆದರೆ ಮನೆ ಬಿಡುವವರೆಗೆ ನಿಮ್ಮದಲ್ಲ. ನಾನು ಆ ಖಾತೆಯನ್ನು ಬೇರೆಯೇ ಇಟ್ಟಿದ್ದೇನೆ. ತರಕಾರಿ, ಕರೆಂಟು, ಆಸ್ಪತ್ರೆ ಎಲ್ಲ ಇನ್ನೊಂದರಿಂದ.

ನನಗೆ ಈ ಬುದ್ಧಿ ಬಂದಿದ್ದು ಮೊದಲ ವರ್ಷದ ಪೆಟ್ಟಿನಿಂದ. 90 ದಿನದ ವೀಸಾದಲ್ಲಿ ಚಿಯಾಂಗ್ ಮಾಯ್‌ಗೆ ಹೋಗಿದ್ದೆ. ಖಾತೆ ತೆರೆದು, ಡೊಂಬಿವಲಿಯ ನನ್ನ ಬ್ಯಾಂಕಿನಿಂದ ಸರಿಯಾಗಿ 8 ಲಕ್ಷ ಬಾತ್ ತರಿಸಿದೆ. 11ನೇ ದಿನ ಹಣ ಬಂತು ಅಂತ ಫೋನಿಗೆ ಮೆಸೇಜ್ ಬಂತು. ಥಾಯ್ ಅಕ್ಷರದಲ್ಲಿ ಇತ್ತು, ನಾನು ಓದಲಿಲ್ಲ, ಸುಮ್ನೆ ಖುಷಿಪಟ್ಟೆ. 26ನೇ ದಿನ ಆ ದಾರಿಯಲ್ಲಿ ಹೋಗುವಾಗ ಪಾಸ್‌ಬುಕ್ ಮೆಷಿನ್‌ಗೆ ಹಾಕಿದೆ. ಕರಕರ ಅಂತ ಒಂದು ಸಾಲು ಹೊಡೆದು ಉಗುಳಿತು. 799,700.00. ಅಲ್ಲಿ ಕಾಮಾ ಹಾಕುವ ಜಾಗ ಬೇರೆ, ಹಾಗಾಗಿ ಎರಡು ಸಲ ಓದಿದ ಮೇಲೆ ಹೊಟ್ಟೆಯಲ್ಲಿ ಕಲಸಿದ ಹಾಗಾಯಿತು. ಹೊರದೇಶದಿಂದ ಬಂದ ಹಣಕ್ಕೆ ಅಲ್ಲಿಯ ಬ್ಯಾಂಕಿನವರು 500 ಬಾತ್ ಹಿಡಿದುಕೊಂಡಿದ್ದರು. ಖಾತೆ ತೆರೆಯುವಾಗ ಹಾಕಿದ್ದರಲ್ಲಿ ಕಾರ್ಡಿನ ಫೀಸ್ ಹೋಗಿ ಉಳಿದದ್ದು 200. ಒಟ್ಟು 300 ಬಾತ್ ಕಡಿಮೆ. ಎರಡು ಹೊತ್ತಿನ ಊಟದ ದುಡ್ಡು!

ಅಲ್ಲೇ ಜೇಬಿನಿಂದ 1,000 ತೆಗೆದು ಕಟ್ಟಿದೆ. ಆದರೆ ಎರಡು ತಿಂಗಳ ಎಣಿಕೆ ಆ ದಿನದಿಂದ ಹೊಸದಾಗಿ ಶುರು. ಹಿಂದಿನ 15 ದಿನ ನೀರಿಗೆ ಹೋಯಿತು. ಅರ್ಜಿ ಕೊಟ್ಟಿದ್ದು 87ನೇ ದಿನ. ಇಮಿಗ್ರೇಷನ್ ಕೌಂಟರಿನ ಹೆಂಗಸು ಪೆನ್ಸಿಲ್ ತುದಿಯನ್ನು ಪಾಸ್‌ಬುಕ್ಕಿನ ಒಂದೊಂದು ಸಾಲಿನ ಮೇಲೆ ಇಡುತ್ತಾ ಬಂದಳು. 799,700ರ ಮೇಲೆ ನಿಂತಳು, ನನ್ನ ಮುಖ ನೋಡಿದಳು, ಕೆಳಗಿನ ಸಾಲಿಗೆ ಇಳಿದು ಬೆರಳು ಮಡಚಿ ತಿಂಗಳು ಎಣಿಸಿದಳು. ಆಮೇಲೆ 1,900 ಬಾತ್ ಫೀಸ್ ಕೇಳಿದಳು. ದುಡ್ಡು ಕೇಳಿದ್ದಕ್ಕೆ ಅಷ್ಟು ಸಂತೋಷಪಟ್ಟಿದ್ದು ಅದೊಂದೇ ಸಲ.

ಆದ್ದರಿಂದ ಹತ್ತಿಪ್ಪತ್ತು ಸಾವಿರ ಬಾತ್ ಜಾಸ್ತಿಯೇ ಕಳಿಸಿ. ಅರ್ಜಿಯ ದಿನ ಬೆಳಿಗ್ಗೆ 100 ಬಾತ್ ಕಟ್ಟಿ ಪಾಸ್‌ಬುಕ್ಕಿನಲ್ಲಿ ಆ ತಾರೀಖು ಬರುವಂತೆ ಮಾಡಿ, ಹಣ ಖಾತೆಯಲ್ಲಿದೆ ಅನ್ನುವ ಬ್ಯಾಂಕಿನ ಪತ್ರವನ್ನೂ ಆಗಲೇ ಬರೆಸಿಕೊಳ್ಳಿ.

ಇನ್ನು ಇಲ್ಲಿಯ ಕಡೆ. 8 ಲಕ್ಷ ಬಾತ್ ಅಂದರೆ 20 ಲಕ್ಷ ರೂಪಾಯಿ ದಾಟುತ್ತದೆ. ಒಂದು ಹಣಕಾಸು ವರ್ಷದಲ್ಲಿ 10 ಲಕ್ಷದ ಮೇಲೆ ಕಳಿಸಿದರೆ, ಮೇಲಿನದಕ್ಕೆ ಬ್ಯಾಂಕಿನವರು 20 ಪರ್ಸೆಂಟ್ ಟಿಸಿಎಸ್, ಅಂದರೆ ಮುಂಗಡ ತೆರಿಗೆ, ಹಿಡಿಯುತ್ತಾರೆ. ರಿಟರ್ನ್ಸ್ ಹಾಕಿದಾಗ ವಾಪಸ್ ಬರುತ್ತದೆ, ಆದರೆ ಅಲ್ಲಿಯವರೆಗೆ ಎರಡು ಲಕ್ಷದಷ್ಟು ಸಿಕ್ಕಿಹಾಕಿಕೊಂಡಿರುತ್ತದೆ. ನೀವು ಹೊರಡುವುದು ಬೇಸಿಗೆಯಲ್ಲಿ ಅಲ್ವಾ? ಹಾಗಾದರೆ ಅರ್ಧ ಹಣ ಮಾರ್ಚ್ 31ರ ಒಳಗೆ, ಉಳಿದದ್ದು ಏಪ್ರಿಲ್‌ನಲ್ಲಿ ಕಳಿಸಿ, ಟಿಸಿಎಸ್ ತುಂಬಾ ಕಡಿಮೆಯಾಗುತ್ತದೆ. ಅದಕ್ಕೆ ಅಲ್ಲಿ ಮೊದಲೇ ಖಾತೆ ಬೇಕು, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಖಾತೆ ನಿಮ್ಮೊಬ್ಬರ ಹೆಸರಲ್ಲೇ ಇರಲಿ. ನಮಗೆ ಗಂಡ ಹೆಂಡತಿ ಜಂಟಿ ಖಾತೆಯ ಚಟ. ಅಲ್ಲಿ ಅದು ನಡೆಯಲ್ಲ. ಮನೆಯವರಿಗೆ ಬೇರೆ 8 ಲಕ್ಷ ಬೇಡ, ನಿಮ್ಮ ಮೇಲೆ ಅವಲಂಬಿತರು ಅಂತ ಅವರದ್ದೂ ಮುಂದುವರಿಯುತ್ತದೆ. ಆದರೆ ಮ್ಯಾರೇಜ್ ಸರ್ಟಿಫಿಕೇಟ್ ಬೇಕೇ ಬೇಕು. ನಮ್ಮದು ಕುಂದಾಪುರದ ಕಡೆ ದೇವಸ್ಥಾನದಲ್ಲಿ ಆದ ಮದುವೆ. ಲಗ್ನಪತ್ರಿಕೆ, ಕಪ್ಪು ಬಿಳುಪು ಫೋಟೊ ಬಿಟ್ಟರೆ ಏನೂ ಇರಲಿಲ್ಲ. ಅರವತ್ತರ ಹತ್ತಿರ ಇಬ್ಬರೂ ರಿಜಿಸ್ಟ್ರಾರ್ ಆಫೀಸಿನ ಬೆಂಚಿನ ಮೇಲೆ ಹುಡುಗ ಹುಡುಗಿಯರ ನಡುವೆ ಕೂತೆವು.

ದುಡ್ಡು ನಾವೇ ಇಟ್ಟು ತೋರಿಸುತ್ತೇವೆ, ಫೀಸ್ ಕೊಡಿ ಸಾಕು ಅನ್ನುವ ಏಜೆಂಟರು ಅಲ್ಲಿ ಸಿಗುತ್ತಾರೆ. ಅವರ ಬಾಗಿಲಿಗೆ ಹೋಗಬೇಡಿ.

ಚೌತಿಗೆ, ಮೊಮ್ಮಗುವಿನ ನಾಮಕರಣಕ್ಕೆ ಅಂತ ಊರಿಗೆ ಓಡಿಬರುವ ಮೊದಲು ರೀ-ಎಂಟ್ರಿ ಪರ್ಮಿಟ್, ಅಂದರೆ ಮತ್ತೆ ಒಳಗೆ ಬರುವ ಅನುಮತಿ, ಮಾಡಿಸಿ. ಒಂದು ಸಲಕ್ಕೆ 1,000 ಬಾತ್, ಎಷ್ಟು ಸಲವಾದರೂ ಆಗಲಿ ಅಂದರೆ 3,800. ಅದಿಲ್ಲದೆ ವಿಮಾನ ಹತ್ತಿದರೆ ಆ ವರ್ಷದ ಸೀಲ್ ಅಲ್ಲಿಗೆ ರದ್ದು, 8 ಲಕ್ಷ ಖಾತೆಯಲ್ಲಿದ್ದರೂ ಅಷ್ಟೇ.

ನಾನು ತಿಂಗಳ ಕೊನೆವರೆಗೆ ಡೊಂಬಿವಲಿಯಲ್ಲಿ ತಂಗಿ ಮನೆಯಲ್ಲೇ ಇರುತ್ತೇನೆ. ಬರುವಾಗ ಇಬ್ಬರ ಪಾಸ್‌ಪೋರ್ಟ್ ತನ್ನಿ, ಕ್ಯಾಲೆಂಡರ್ ಇಲ್ಲೇ ಗೋಡೆಯ ಮೇಲಿದೆ. ಹೊರಡುವ ದಿನ ಗುರುತು ಹಾಕಿ, ಅಲ್ಲಿಂದ ಎಣಿಸೋಣ.