ಸಂಪಾದಕರ ಉತ್ತರ: ಟಸ್ಕನಿಯ ಎಸ್ಟೇಟನ್ನು ಕೊಳ್ಳಹೊರಟವರಿಗೆ

ಇಟಲಿಯ ಹಳೆಯ ದ್ರಾಕ್ಷಿತೋಟಗಳ ಮಾರಾಟಕ್ಕೆ ಮರುಕಪಟ್ಟು ಕಳೆದ ಸಂಚಿಕೆಯಲ್ಲಿ ನಾವು ಪ್ರಕಟಿಸಿದ ಟಿಪ್ಪಣಿಗೆ, ಮಿಲಾನ್ ನಗರದಲ್ಲಿ ಉದ್ಯೋಗದಲ್ಲಿರುವ ಓದುಗರೊಬ್ಬರು ನಾಲ್ಕು ಪುಟಗಳ ಪ್ರತಿಕ್ರಿಯೆ ಬರೆದಿದ್ದಾರೆ. ಅವರು ಮತ್ತು ಬೆಂಗಳೂರಿನ ಅವರ ಐವರು ಗೆಳೆಯರು ಸೇರಿ ಇಟಲಿಯ ಟಸ್ಕನಿ ಪ್ರಾಂತ್ಯದ ಸಿಯೆನಾ ಜಿಲ್ಲೆಯಲ್ಲಿ ಒಂದು ಎಸ್ಟೇಟನ್ನು ಕೊಳ್ಳುವ ಯೋಚನೆಯಲ್ಲಿದ್ದಾರಂತೆ. ಜಾಹೀರಾತಿನ ಪ್ರತಿಯನ್ನೂ ಪತ್ರದ ಜೊತೆಗೆ ಕಳುಹಿಸಿದ್ದಾರೆ: ಹದಿನಾರನೆಯ ಶತಮಾನದ ವಿಲ್ಲಾ, ಆರು ಹೆಕ್ಟೇರ್ ದ್ರಾಕ್ಷಿ, ಆಲಿವ್ ಮರಗಳು, ಮೂರು ಕಲ್ಲಿನ ಮನೆಗಳು, ಈಜುಕೊಳ. ಅವರ ವಾದ ಹೀಗಿದೆ: "ಹಳೆಯ ಜಮೀನ್ದಾರರು ರೈತರ ಬೆವರಿನಲ್ಲಿ ಬದುಕಿದವರು, ಅವರು ಮಾರಿ ಹೋದರೆ ಅಳುವುದೇಕೆ? ನಮ್ಮಲ್ಲಿ 1974ರಲ್ಲಿ ಗೇಣಿ ಪದ್ಧತಿ ಕೊನೆಗೊಂಡಾಗ ಯಾರಾದರೂ ಧಣಿಗಳಿಗಾಗಿ ಅತ್ತರೇ? ಹಣವಿದ್ದ ಪರದೇಶದವರು ಬಂದು ಕೊಂಡದ್ದರಿಂದಲೇ ಆ ಮನೆಗಳ ಚಾವಣಿ ಉಳಿದಿದೆ."

ಪತ್ರ ಖಾರವಾಗಿದೆ, ಆದರೆ ಯೋಚಿಸಿ ಬರೆದದ್ದು. ಇಂತಹ ಪತ್ರಗಳು ಬರುವುದರಿಂದಲೇ ಈ ಪುಟಕ್ಕೊಂದು ಅರ್ಥವಿದೆ.

ಮಾನ್ಯರೇ, ತಮ್ಮ ಕೊನೆಯ ಮಾತನ್ನು ಮೊದಲು ಒಪ್ಪಿಕೊಳ್ಳುತ್ತೇನೆ. 1960ರ ಮತ್ತು 70ರ ದಶಕಗಳಲ್ಲಿ ಟಸ್ಕನಿಯ ಸಾವಿರಾರು ಕಲ್ಲಿನ ಮನೆಗಳು ಪಾಳುಬಿದ್ದಿದ್ದವು; ಇಂಗ್ಲೆಂಡ್, ಜರ್ಮನಿ, ಸ್ವಿಟ್ಜರ್ಲೆಂಡ್‌ಗಳಿಂದ ಬಂದವರು ಅವುಗಳಲ್ಲಿ ಹಲವನ್ನು ಕೊಂಡು ದುರಸ್ತಿ ಮಾಡಿಸಿದ್ದು ನಿಜ. ಹೊರಗಿನ ಹಣ ಬಂದ ಮಾತ್ರಕ್ಕೆ ತೋಟ ಕೆಡುವುದಿಲ್ಲ ಎಂಬುದೂ ನಿಜ. ಮೊಂಟಾಲ್ಚೀನೊದ ಗ್ರೆಪ್ಪೊ ಎಸ್ಟೇಟ್, ಅಂದರೆ 1888ರ ಬ್ರುನೆಲ್ಲೊ ವೈನಿನಿಂದ ಹೆಸರಾದ ಬಿಯೊಂಡಿ ಸಾಂತಿ ಕುಟುಂಬದ ತೋಟ, 2016ರ ಕೊನೆಯಲ್ಲಿ ಫ್ರೆಂಚ್ ಕಂಪನಿಯೊಂದರ ಪಾಲಾಯಿತು. ಅದೇ ವರ್ಷ ಬರೋಲೊ ಪ್ರದೇಶದ ವಿಯೆತ್ತಿ ವೈನ್ ಸಂಸ್ಥೆಯನ್ನು, ಅಮೆರಿಕದ ಅಯೋವಾ ರಾಜ್ಯದಲ್ಲಿ ಪೆಟ್ರೋಲ್ ಬಂಕುಗಳ ಸರಪಳಿ ನಡೆಸುತ್ತಿದ್ದ ಕುಟುಂಬವೊಂದು ಕೊಂಡಿತು. ಎರಡೂ ಕಡೆ ಬಳ್ಳಿಗಳು ಇಂದಿಗೂ ಫಲ ಕೊಡುತ್ತಿವೆ. ಇಷ್ಟರಮಟ್ಟಿಗೆ ತಾವು ಹೇಳಿದ್ದು ಸರಿ.

ಆದರೆ ನಾವು ಯಾರಿಗಾಗಿ ಬರೆದೆವು ಎಂಬುದನ್ನು ತಾವು ಸರಿಯಾಗಿ ಗಮನಿಸಿದಂತಿಲ್ಲ. ನಮ್ಮ ಮರುಕ ವಿಲ್ಲಾದಲ್ಲಿ ವಾಸವಿದ್ದ ಕುಟುಂಬಗಳ ಮೇಲಲ್ಲ, ಜಾಹೀರಾತಿನಲ್ಲಿರುವ ಆ "ಮೂರು ಕಲ್ಲಿನ ಮನೆ"ಗಳಲ್ಲಿ ವಾಸವಿದ್ದವರ ಮೇಲೆ. ಟಸ್ಕನಿಯ ಎಸ್ಟೇಟನ್ನು ಐತಿಹಾಸಿಕ ಎನ್ನಲು ಕಾರಣ ವಿಲ್ಲಾದ ಗೋಡೆಯ ಚಿತ್ರಗಳಲ್ಲ, ಆ ಗುಡ್ಡವನ್ನು ಆರೇಳು ಶತಮಾನ ಬಿಡುವಿಲ್ಲದೆ ಸಾಗುವಳಿ ಮಾಡಿದ ಪಾಲುಗಾರ ರೈತರು. ಒಂದೊಂದು ಕಲ್ಲಿನ ಮನೆಯೂ ಒಂದು ಒಕ್ಕಲಿನ ಮನೆ. ಅದರ ಸುತ್ತಲಿನ ಜಮೀನು ಆ ಒಕ್ಕಲಿನ ಪಾಲಿಗೆ ಬಿಟ್ಟದ್ದು. ಮೆಡ್ಜಾದ್ರಿಯಾ ಎಂಬ ಈ ಪದ್ಧತಿಯಲ್ಲಿ ಭೂಮಿ ಮತ್ತು ಮನೆ ಒಡೆಯನದು, ದುಡಿಮೆ ಇಡೀ ಕುಟುಂಬದ್ದು, ಬೆಳೆ ಅರ್ಧರ್ಧ. ಒಪ್ಪಂದಕ್ಕೆ ಕುಟುಂಬದ ಯಜಮಾನ ಒಬ್ಬನೇ ಸಹಿ ಮಾಡುತ್ತಿದ್ದ, ಆದರೆ ಹೆಂಗಸರು ಮಕ್ಕಳೆಲ್ಲ ಅದಕ್ಕೆ ಬದ್ಧರಾಗಿರಬೇಕಿತ್ತು. ಮದುವೆಗೂ ಒಡೆಯನ ಒಪ್ಪಿಗೆ ಬೇಕಾಗುತ್ತಿತ್ತು. ಕ್ರಿಸ್‌ಮಸ್ಸಿಗೆ ಕೊಬ್ಬಿಸಿದ ಹುಂಜ, ಹಬ್ಬಕ್ಕೆ ಮೊಟ್ಟೆ ಎಂದು ಕಾಣಿಕೆ ಒಪ್ಪಿಸಬೇಕಿತ್ತು. ಲೆಕ್ಕದ ಪುಸ್ತಕದಲ್ಲಿ ಸಾಲ ಒಂದು ವರ್ಷದಿಂದ ಮತ್ತೊಂದು ವರ್ಷಕ್ಕೆ ಏರುತ್ತ ಹೋಗುತ್ತಿತ್ತು.

ತಾವು ಕಳುಹಿಸಿದ ಜಾಹೀರಾತನ್ನು ಇದೇ ದೃಷ್ಟಿಯಿಂದ ಮತ್ತೊಮ್ಮೆ ಓದಿ ನೋಡಿ. "ಕಮಾನುಗಳುಳ್ಳ ನೆಲಮಹಡಿಯ ವಿಶಾಲ ಬಿಲಿಯರ್ಡ್ಸ್ ಕೋಣೆ" ಎಂದಿದೆ. ಅದು ದನದ ಕೊಟ್ಟಿಗೆ. ಬಿಳಿಯ ಕಿಯಾನಿನಾ ಎತ್ತುಗಳನ್ನು ಅಲ್ಲಿ ಕಟ್ಟುತ್ತಿದ್ದರು. ಮೇಲಿನ ಅಂತಸ್ತಿನಲ್ಲಿ ಮಲಗಿದ ಮನೆಮಂದಿಗೆ ಚಳಿಗಾಲದಲ್ಲಿ ಆ ದನಗಳ ಮೈಬಿಸಿಯೇ ಆಸರೆಯಾಗಿತ್ತು. "ಅಟ್ಟವನ್ನು ಎರಡು ಮಲಗುವ ಕೋಣೆಗಳಾಗಿ ಮಾರ್ಪಡಿಸಬಹುದು" ಎಂದಿದೆ. ಅಂತಹ ಅಟ್ಟಗಳಲ್ಲಿ ವಿನ್ ಸಾಂತೊ ಎಂಬ ವೈನ್ ಮಾಡುತ್ತಿದ್ದರು: ಸೆಪ್ಟೆಂಬರಿನಲ್ಲಿ ಆರಿಸಿ ಕೊಯ್ದ ಗೊಂಚಲುಗಳನ್ನು ಚಾಪೆಯ ಮೇಲೆ ಹರವಿ ಅಥವಾ ತೊಲೆಗೆ ತೂಗುಹಾಕಿ ಚಳಿಗಾಲದವರೆಗೆ ಒಣಗಿಸಿ, ಹಿಂಡಿದ ರಸವನ್ನು ಚಿಕ್ಕ ಮರದ ಪೀಪಾಯಿಗಳಲ್ಲಿ, ಹಿಂದಿನ ಸಲದ ಗಸಿಯ ಮೇಲೆಯೇ ಸುರಿದು, ಬಾಯಿ ಮುಚ್ಚಿ ವರ್ಷಗಟ್ಟಲೆ ಬಿಡುತ್ತಿದ್ದರು. ಹೆಂಚಿನ ಕೆಳಗೆ ಬೇಸಿಗೆಯಲ್ಲಿ ಕಾಯುತ್ತ, ಚಳಿಗಾಲದಲ್ಲಿ ತಣಿಯುತ್ತ ಅದು ನಿಧಾನವಾಗಿ ಪಕ್ವವಾಗುತ್ತಿತ್ತು. ಅಟ್ಟವನ್ನು ಮಲಗುವ ಕೋಣೆಯಾಗಿಸುವುದು ಅಪರಾಧವೇನಲ್ಲ. ಆದರೆ ಆ ಅಟ್ಟ ಏತಕ್ಕಿತ್ತು ಎಂದು ಒಂದು ಮಾತೂ ಹೇಳದೆ, ಅದೇ ಮನೆಯನ್ನು "ಐತಿಹಾಸಿಕ" ಎಂದು ಬೆಲೆ ಏರಿಸಿ ಮಾರುವುದನ್ನು ನಾನು ಒಪ್ಪಲಾರೆ.

ಸಿಯೆನಾದ ಪುರಭವನದಲ್ಲಿ ಅಂಬ್ರೋಜೊ ಲೊರೆಂಜೆತ್ತಿ 1338–39ರಲ್ಲಿ ಬರೆದ ಒಳ್ಳೆಯ ಆಡಳಿತದ ಭಿತ್ತಿಚಿತ್ರ ಇಂದಿಗೂ ಇದೆ. ತಾವು ಮಿಲಾನಿನಲ್ಲಿದ್ದೀರಿ, ರೈಲು ಹತ್ತಿದರೆ ನೋಡಿ ಬರಬಹುದು. ಅದರ ಬಲಭಾಗದಲ್ಲಿ ನಗರದ ಬಾಗಿಲಿನಾಚೆ ಹಳ್ಳಿಯ ಸೀಮೆ ತೆರೆದುಕೊಳ್ಳುತ್ತದೆ: ಇಳಿಜಾರಿನಲ್ಲಿ ದ್ರಾಕ್ಷಿಯ ಸಾಲು, ಒಕ್ಕಣೆ ಮಾಡುವವರು, ಹೆಗಲ ಸುತ್ತ ಬಿಳಿ ಪಟ್ಟಿಯಿರುವ ಕಪ್ಪು ಹಂದಿಯನ್ನು ಪೇಟೆಗೆ ಅಟ್ಟಿಕೊಂಡು ಬರುತ್ತಿರುವ ರೈತ. ನಾಡಿನ ಆಡಳಿತ ಚೆನ್ನಾಗಿದೆ ಎಂದು ತೋರಿಸಲು ಆ ಚಿತ್ರಕಾರ ಆರಿಸಿಕೊಂಡದ್ದು ಇವರನ್ನು. ಇಂದಿನ ಮಾರಾಟದ ಚಿತ್ರಗಳಲ್ಲಿ ಅದೇ ಇಳಿಜಾರು ಇರುತ್ತದೆ, ಒಬ್ಬ ಮನುಷ್ಯನೂ ಇರುವುದಿಲ್ಲ.

ಇನ್ನು ತಮ್ಮ 1974ರ ಹೋಲಿಕೆಯ ವಿಷಯ. ಇಲ್ಲಿ ನಾನು ಸ್ವಲ್ಪ ಕಟುವಾಗಿಯೇ ಹೇಳಬೇಕಾಗಿದೆ. ದೇವರಾಜ ಅರಸರ ಕಾಲದ ಭೂಸುಧಾರಣಾ ತಿದ್ದುಪಡಿಯಲ್ಲಿ ಗೇಣಿದಾರ ಡಿಕ್ಲರೇಷನ್ ಸಲ್ಲಿಸಿ, ಭೂ ನ್ಯಾಯಮಂಡಳಿಯ ಮುಂದೆ ನಿಂತು, ತಾನು ಉಳುತ್ತಿದ್ದ ಗದ್ದೆಗೆ ತಾನೇ ಒಡೆಯನಾಗಲು ದಾರಿಯಿತ್ತು. ಎಲ್ಲರಿಗೂ ದಕ್ಕಲಿಲ್ಲ, ಕರಾವಳಿಯಲ್ಲಿ ದಕ್ಕಿದಷ್ಟು ಬೇರೆಡೆ ದಕ್ಕಲಿಲ್ಲ. ಆದರೂ ಕಾನೂನು ಬಂದಾಗ ರೈತ ಗದ್ದೆಯಲ್ಲೇ ಇದ್ದ. ಟಸ್ಕನಿಯಲ್ಲಿ ಹಾಗಾಗಲಿಲ್ಲ. ಎರಡನೆಯ ಮಹಾಯುದ್ಧದ ನಂತರ ಪಾಲುಗಾರರು ಹೋರಾಡಿದರು, ಪ್ರಧಾನಿ ದೆ ಗಾಸ್ಪೆರಿಯವರ 1946ರ ತೀರ್ಪಿನ ಜಾಡಿನಲ್ಲಿ ಅವರ ಪಾಲು ಅರ್ಧದಿಂದ ಶೇಕಡಾ 53ಕ್ಕೆ ಏರಿತು. ಶತಮಾನಗಳ ದುಡಿಮೆಗೆ ಸಿಕ್ಕ ಹೆಚ್ಚಳ ಶೇಕಡಾ ಮೂರು! ಹೊಸ ಪಾಲು ಒಪ್ಪಂದಗಳನ್ನು ನಿಷೇಧಿಸಿದ ಕಾನೂನು ಬಂದದ್ದು 1964ರಲ್ಲಿ. ಉಳಿದವನ್ನು ಗುತ್ತಿಗೆಯಾಗಿ ಬದಲಿಸಿದ ಕಾನೂನು 1982ರಲ್ಲಿ. ಅಷ್ಟರೊಳಗೆ ಮಕ್ಕಳು ಪ್ರಾತೊದ ಬಟ್ಟೆ ಗಿರಣಿಗಳಿಗೆ, ಪೊಜ್ಜಿಬೊನ್ಸಿಯ ಕಾರ್ಖಾನೆಗಳಿಗೆ ಹೋಗಿ ಸೇರಿದ್ದರು. ನ್ಯಾಯ ಊರಿಗೆ ಬಂದಾಗ ಮನೆಗೆ ಬೀಗ ಬಿದ್ದಿತ್ತು. ಆ ಬೀಗ ತೆಗೆಸಿ ಒಳಹೊಕ್ಕವರು ಉತ್ತವರಲ್ಲ, ಕೊಂಡವರು. ಆದ್ದರಿಂದ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ಒಡೆಯರಲ್ಲಿ ಒಳ್ಳೆಯವರೇ ಇರಲಿಲ್ಲವೇ ಎಂದು ಕೇಳಬಹುದು, ಇದ್ದರು. ಓರ್ಚಾ ಕಣಿವೆಯ ಲಾ ಫೋಚೆ ಎಸ್ಟೇಟಿಗೆ 1924ರಲ್ಲಿ ಮದುವೆಯಾಗಿ ಬಂದ ಐರಿಸ್ ಓರಿಗೊ ಮತ್ತು ಅವರ ಪತಿ ಅಂತೋನಿಯೊ ಕೊಂಡದ್ದು ಮಳೆಗೆ ಕೊರೆದುಹೋದ ಬೋಳು ಜೇಡಿಗುಡ್ಡಗಳನ್ನು. ಅವರು ರಸ್ತೆ ಮಾಡಿಸಿದರು, ಒಕ್ಕಲು ಮನೆಗಳನ್ನು ಕಟ್ಟಿಸಿದರು, ರೈತರ ಮಕ್ಕಳಿಗೆ ಶಾಲೆಯನ್ನೂ ಒಂದು ಚಿಕಿತ್ಸಾಲಯವನ್ನೂ ತೆರೆದರು. 1944ರ ಜೂನ್‌ನಲ್ಲಿ ಯುದ್ಧ ಅಂಗಳಕ್ಕೇ ಬಂದಾಗ, ತಮ್ಮ ಆಶ್ರಯದಲ್ಲಿದ್ದ ಮಕ್ಕಳನ್ನು ಶೆಲ್ ಬೀಳುತ್ತಿದ್ದ ದಾರಿಯಲ್ಲಿ ಮೊಂಟೆಪುಲ್ಚಾನೊದವರೆಗೆ ನಡೆಸಿಕೊಂಡು ಹೋದರು. ಅವರ ಬಗ್ಗೆ ನನಗೆ ಅಪಾರ ಗೌರವ. ಆದರೆ ಅದೇ ವೇಳೆ, ತಪ್ಪಿಸಿಕೊಂಡು ಬಂದ ಯುದ್ಧ ಕೈದಿಗಳನ್ನು ಜೀವದ ಹಂಗು ತೊರೆದು ಬಚ್ಚಿಟ್ಟು ತಮ್ಮ ರೊಟ್ಟಿಯಲ್ಲಿ ಪಾಲು ಕೊಟ್ಟ ಆ ಕಣಿವೆಯ ರೈತರ ಹೆಸರುಗಳು ಎಷ್ಟು ಜನಕ್ಕೆ ಗೊತ್ತು? ಇಂದು ಪ್ರವಾಸಿಗರು ಅಲ್ಲಿಗೆ ಬಂದು ಫೋಟೊ ತೆಗೆಯುವುದು ಸೈಪ್ರೆಸ್ ಮರಗಳ ಆ ಅಂಕುಡೊಂಕು ರಸ್ತೆಯದು. 2004ರಲ್ಲಿ ಓರ್ಚಾ ಕಣಿವೆ ಯುನೆಸ್ಕೊದ ಪಟ್ಟಿ ಸೇರಿತು. ಆ ಮನ್ನಣೆ ಕೃಷಿಯಿಂದ ರೂಪುಗೊಂಡ ಭೂದೃಶ್ಯಕ್ಕೆ ಸಂದದ್ದು ಎಂಬುದನ್ನು ಪ್ರವಾಸದ ಪುಟಗಳು ಹೇಳುವುದೇ ಇಲ್ಲ.

ನನ್ನ ಬಹುಕಾಲದ ಅಸಮಾಧಾನವೂ ಇದೇ. ನಮ್ಮ ಪತ್ರಿಕೆಗಳು ದ್ರಾಕ್ಷಿತೋಟವನ್ನು ಮದುವೆಯ ಫೋಟೊಗಳ ಹಿನ್ನೆಲೆಯಾಗಿ ತೋರಿಸುತ್ತವೆ. ಬಳ್ಳಿಯನ್ನು ಯಾರು ಕತ್ತರಿಸುತ್ತಾರೆ, ದಿನಗೂಲಿ ಎಷ್ಟು ಎಂದು ಕೇಳುವುದಿಲ್ಲ. ವೈನಿನ ಚರಿತ್ರೆ ಬರೆಯುವಾಗಲೂ 1716ರಲ್ಲಿ ಕಿಯಾಂತಿ ಎಂಬ ವೈನ್ ಸೀಮೆಯ ಗಡಿ ಗುರುತಿಸಿದ ಮೂರನೆಯ ಕೋಸಿಮೊ ದೊರೆ ಬರುತ್ತಾನೆ, ಬ್ರೋಲಿಯೊ ಕೋಟೆಯಲ್ಲಿ ಕುಳಿತು 1872ರಲ್ಲಿ ಸಾಂಜೊವೇಸೆ, ಕನಾಯೊಲೊ, ಮಾಲ್ವಾಸಿಯಾ ದ್ರಾಕ್ಷಿತಳಿಗಳ ಹದವನ್ನು ಪ್ರಾಧ್ಯಾಪಕರೊಬ್ಬರಿಗೆ ಪತ್ರದಲ್ಲಿ ವಿವರಿಸಿದ ಬರೋನ್ ಬೆತ್ತಿನೊ ರಿಕಾಸೊಲಿ ಬರುತ್ತಾರೆ. ಬರಲಿ, ಅವರ ಪಾಲು ದೊಡ್ಡದೇ. ಆದರೆ ಮೇಪಲ್ ಮರಕ್ಕೆ ಬಳ್ಳಿ ಹಬ್ಬಿಸಿ, ಸಾಲುಗಳ ನಡುವೆ ಗೋಧಿ ಬಿತ್ತಿ, ಮಣ್ಣು ಜಾರದಂತೆ ಗಾರೆಯಿಲ್ಲದ ಕಲ್ಲಿನ ಕಟ್ಟೆ ಕಟ್ಟಿದ ಜ್ಞಾನ ಯಾರದು? ಆ ಜ್ಞಾನವಿದ್ದವರು ಹೊರಟುಹೋದ ಮೇಲೆ, ಟ್ರ್ಯಾಕ್ಟರಿಗೆ ಅನುಕೂಲವೆಂದು ಅನೇಕ ಕಡೆ ಕಟ್ಟೆಗಳನ್ನು ಒಡೆದು ಇಳಿಜಾರಿನ ಉದ್ದಕ್ಕೇ ಸಾಲು ಹಾಕಿದರು. ಮಣ್ಣು ಮಳೆಯ ಜೊತೆ ಇಳಿದು ಹೋಯಿತು.

ಇದನ್ನು ಹಳೆಯ ಕಥೆಯೆಂದು ಬದಿಗಿಡುವಂತಿಲ್ಲ. ಪಾಲುಗಾರರು ಬಿಟ್ಟುಹೋದ ಕೆಲಸವನ್ನು ಇಂದು ಇಟಲಿಯ ಹೊಲಗಳಲ್ಲಿ ಬಹುಮಟ್ಟಿಗೆ ಹೊರನಾಡಿನಿಂದ ಬಂದವರು ಮಾಡುತ್ತಿದ್ದಾರೆ, ಅವರಲ್ಲಿ ನಮ್ಮ ಪಂಜಾಬಿನವರೂ ಇದ್ದಾರೆ. 2024ರ ಜೂನ್‌ನಲ್ಲಿ ರೋಮಿನ ದಕ್ಷಿಣದ ಲಾತೀನಾ ಪ್ರದೇಶದ ಹೊಲವೊಂದರಲ್ಲಿ ಪಂಜಾಬಿನ ಯುವ ಕೂಲಿಕಾರನ ತೋಳು ಯಂತ್ರಕ್ಕೆ ಸಿಕ್ಕಿ ತುಂಡಾಯಿತು. ಅವನನ್ನು ಆಸ್ಪತ್ರೆಗೆ ಸೇರಿಸುವ ಬದಲು ಮನೆಯ ಮುಂದೆ ಬಿಟ್ಟುಹೋದರು, ಅವನು ಬದುಕಲಿಲ್ಲ. ದಲ್ಲಾಳಿಗಳ ಮೂಲಕ ಕೂಲಿಯವರನ್ನು ಹಿಂಡುವ ದಂಧೆಯ ವಿರುದ್ಧ ಆ ದೇಶದಲ್ಲಿ 2016ರಿಂದಲೇ ಕಠಿಣ ಕಾನೂನಿದೆ. ಅದು ತರಕಾರಿ ಬೆಳೆಯುವ ಸೀಮೆ, ದ್ರಾಕ್ಷಿಯ ಎಸ್ಟೇಟಲ್ಲ ಎಂದು ತಾವು ಹೇಳಬಹುದು. ಆದರೆ ಭೂಮಿಯನ್ನು ನೋಡಿ ಅದರಲ್ಲಿ ದುಡಿಯುವವನನ್ನು ನೋಡದಿರುವ ಅಭ್ಯಾಸ ಎರಡೂ ಕಡೆ ಒಂದೇ.

ತಮ್ಮ ಖರೀದಿಯ ವಿಷಯಕ್ಕೆ ಬರುತ್ತೇನೆ. ಬೇಡವೆಂದು ನಾನು ಹೇಳುವುದಿಲ್ಲ, ಸಾಗುವಳಿ ಮಾಡುವ ಮನಸ್ಸಿದ್ದರೆ ಮಾತ್ರ ಕೊಳ್ಳಿ ಎನ್ನುತ್ತೇನೆ. ಬೆಂಗಳೂರಿನ ಗೆಳೆಯರು ರಿಸರ್ವ್ ಬ್ಯಾಂಕಿನ ನಿಯಮದಂತೆ ಒಬ್ಬೊಬ್ಬರು ಆರ್ಥಿಕ ವರ್ಷಕ್ಕೆ 2,50,000 ಡಾಲರ್ ಮಾತ್ರ ಹೊರಗೆ ಕಳುಹಿಸಬಹುದು. ಅದನ್ನು ತಾವು ಆಗಲೇ ಲೆಕ್ಕ ಹಾಕಿದ್ದೀರಿ. ಪತ್ರದಲ್ಲಿ ಕಾಣದ ಲೆಕ್ಕ ಬೇರೆಯದು. ವೃತ್ತಿಯಿಂದ ಕೃಷಿಕರಲ್ಲದವರು ಅಲ್ಲಿ ಕೃಷಿಭೂಮಿ ಕೊಂಡರೆ ನೋಂದಣಿ ತೆರಿಗೆ ಶೇಕಡಾ 15. ವಿಲ್ಲಾ ಸಂರಕ್ಷಿತ ಸ್ಮಾರಕಗಳ ಪಟ್ಟಿಯಲ್ಲಿದ್ದರೆ, ಮಾರಾಟವನ್ನು ತಿಳಿಸಿದ 60 ದಿನಗಳೊಳಗೆ ಸರ್ಕಾರ ಅದೇ ಬೆಲೆಗೆ ತಾನೇ ಕೊಳ್ಳಬಹುದು. ಇದಕ್ಕಿಂತ ಮುಖ್ಯವಾದದ್ದು, 1965 ಮತ್ತು 1971ರ ಕಾನೂನುಗಳ ಪ್ರಕಾರ ಆ ಭೂಮಿಯನ್ನು ಗುತ್ತಿಗೆಗೆ ಉಳುತ್ತಿರುವವನಿಗೆ, ಅಂಥವನಿಲ್ಲದಿದ್ದರೆ ಪಕ್ಕದ ಜಮೀನನ್ನು ಸ್ವತಃ ಉಳುವ ಒಡೆಯನಿಗೆ, ಮೊದಲು ಕೊಳ್ಳುವ ಹಕ್ಕಿದೆ. ಮಾರುವವನು ಅವನಿಗೆ ತಿಳಿಸಲೇಬೇಕು; ತಿಳಿಸದೆ ತಮಗೆ ಮಾರಿದರೆ, ಅವನು ಒಂದು ವರ್ಷದೊಳಗೆ ತಮ್ಮಿಂದಲೇ ಅದನ್ನು ಬಿಡಿಸಿಕೊಳ್ಳಬಹುದು. ಬ್ರೋಕರುಗಳು ಇದನ್ನು ತೊಡಕು ಎಂದು ವರ್ಣಿಸುತ್ತಾರೆ. ಇಟಲಿಯ ಕಾನೂನಿನಲ್ಲಿ ಉಳುವವನ ಪರವಾಗಿ ಉಳಿದಿರುವ ಕೆಲವೇ ಒಳ್ಳೆಯ ಕಲಮುಗಳಲ್ಲಿ ಇದೂ ಒಂದೆಂದು ನಾನು ನಂಬಿದ್ದೇನೆ. ಆ ನೆರೆಯ ರೈತನಿಗೆ ಭೂಮಿ ಬೇಕಿದ್ದರೆ ದಯವಿಟ್ಟು ದಾರಿ ಬಿಡಿ.

ಅವನಿಗೆ ಬೇಡವಾದರೆ, ಜೂನ್ ತಿಂಗಳ ಬಿಸಿಲಿನಲ್ಲಿ ಈಜುಕೊಳ ನೋಡಲು ಹೋಗಬೇಡಿ. ಫೆಬ್ರುವರಿಯಲ್ಲಿ ಹೋಗಿ, ವಿಜಯಪುರದ ಬೆಳೆಗಾರರು ಚಾಟ್ನಿ ಎನ್ನುವ, ಬಳ್ಳಿ ಸವರುವ ಕೆಲಸ ಅಲ್ಲಿ ನಡೆಯುವ ಕಾಲ ಅದು. ಯಾವ ಕಣ್ಣು ಉಳಿಸಬೇಕು, ಯಾವ ಕಡ್ಡಿ ತೆಗೆಯಬೇಕು ಎಂದು ಬಳ್ಳಿಬಳ್ಳಿಯ ಮುಂದೆ ನಿಂತು ತೀರ್ಮಾನಿಸುವವನನ್ನು ಹುಡುಕಿ. ಅವನಿಗೆ ಲಿಖಿತ ಕರಾರು ಇದೆಯೇ, ಎಸ್ಟೇಟ್ ಕೈಬದಲಾದ ಮೇಲೂ ಅವನ ಕೆಲಸ ಉಳಿಯುತ್ತದೆಯೇ, ಆ ಮೂರು ಮನೆಗಳಲ್ಲಿ ಒಂದನ್ನಾದರೂ ಅವನ ಸಂಸಾರಕ್ಕೆ ವಾಸಕ್ಕೆ ಬಿಡಬಹುದೇ ಎಂದು ಕೇಳಿ. ಈ ಪ್ರಶ್ನೆಗಳಿಗೆ ಸಿಕ್ಕ ಉತ್ತರಗಳನ್ನು ಬರೆದು ಕಳುಹಿಸಿ. ಎಷ್ಟೇ ಪುಟಗಳಾದರೂ ಪೂರ್ತಿಯಾಗಿ ಪ್ರಕಟಿಸುತ್ತೇವೆ.

— ಸಂ.