ಚಳಿಗೆ ಏಳದ ಡೀಸೆಲ್ ಜೀಪು: ಬ್ಯಾಟರಿ ತರುವ ಮೊದಲು ಇಷ್ಟು ನೋಡಿ

ಮೂಡಿಗೆರೆ ಕಡೆಯ ಸ್ನೇಹಿತರು ಕೇಳಿದ್ದು ಇದು: ಹಳೆಯ ಮಹೀಂದ್ರ ಎಂಎಂ 540 ಜೀಪು, ಪ್ಯೂಜೋ ಡೀಸೆಲ್ ಎಂಜಿನ್. ಮಧ್ಯಾಹ್ನ ಒಂದೇ ಸಲ ಸೆಲ್ಫ್ ಹೊಡೆದರೆ ಸ್ಟಾರ್ಟ್ ಆಗುತ್ತದೆ. ಬೆಳಿಗ್ಗೆ ಕಾಫಿ ಕೊಯ್ಲಿನವರನ್ನು ಕರೆತರಲು ಹೊರಟರೆ ಮಾತ್ರ ಎಷ್ಟು ಸೆಲ್ಫ್ ಹೊಡೆದರೂ ಏಳುವುದಿಲ್ಲ. ಉತ್ತರ ಕೊಟ್ಟವರಲ್ಲಿ ಅರ್ಧ ಜನ ಬ್ಯಾಟರಿ ಬದಲಿಸಿ ಎಂದಿದ್ದಾರೆ, ಒಬ್ಬರು ಚಳಿಗೆ ಡೀಸೆಲ್ ಗಟ್ಟಿಯಾಗಿದೆ ಎಂದಿದ್ದಾರೆ.

ಡೀಸೆಲ್ ಮಾತು ಮೊದಲು ಮುಗಿಸೋಣ. ನಮ್ಮ ಮಲೆನಾಡಿನ 10-12 ಡಿಗ್ರಿ ಚಳಿಗೆ ಪಂಪಿನ ಡೀಸೆಲ್ ಗಟ್ಟಿಯಾಗುವುದಿಲ್ಲ. ಅದು ಲಡಾಖಿನ ಕಷ್ಟ. ಅಲ್ಲಿಗೆಂದೇ ಇಂಡಿಯನ್ ಆಯಿಲ್ 2019ರಲ್ಲಿ ಮೈನಸ್ 33 ಡಿಗ್ರಿವರೆಗೂ ಹರಿಯುವ ಡೀಸೆಲ್ ತಂದಿತು. ನಮ್ಮಲ್ಲಿ ಚಳಿ ತಾನಾಗಿ ಗಾಡಿ ನಿಲ್ಲಿಸುವುದಿಲ್ಲ, ಮೊದಲೇ ಇದ್ದ ದೋಷವನ್ನು ಹೊರಗೆ ಹಾಕುತ್ತದೆ, ಅಷ್ಟೇ. ಆ ದೋಷ ಎಲ್ಲಿದೆ ಅಂತ ಕಿವಿಯಿಂದ, ಕಣ್ಣಿನಿಂದ ಅರ್ಧ ಕಂಡುಹಿಡಿಯಬಹುದು. ಸುಮ್ನೆ ಸಾವಿರಾರು ರೂಪಾಯಿ ಬ್ಯಾಟರಿಗೆ ಸುರಿಯಬೇಡಿ.

ಬೆಳಿಗ್ಗೆ ಒಬ್ಬರನ್ನು ಸೈಲೆನ್ಸರ್ ಹಿಂದೆ ನಿಲ್ಲಿಸಿ ಸೆಲ್ಫ್ ಹೊಡೆಯಿರಿ. ಎಂಜಿನ್ ನಿಧಾನವಾಗಿ, ಎಳೆದೆಳೆದು ತಿರುಗಿದರೆ ದೋಷ ಬ್ಯಾಟರಿ, ವೈರು ಅಥವಾ ಸೆಲ್ಫ್ ಮೋಟಾರಿನದು. ಜೋರಾಗಿ ತಿರುಗಿಯೂ ಹತ್ತಿಕೊಳ್ಳುತ್ತಿಲ್ಲವಾದರೆ ಹೊಗೆ ನೋಡಿ. ಹಸಿ ಡೀಸೆಲ್ ವಾಸನೆಯ ಬಿಳಿ ಹೊಗೆ ಬಂದರೆ ಡೀಸೆಲ್ ಒಳಗೆ ಹೋಗುತ್ತಿದೆ, ಉರಿಯುತ್ತಿಲ್ಲ. ಹೊಗೆಯೇ ಇಲ್ಲದಿದ್ದರೆ ಡೀಸೆಲ್ಲೇ ತಲುಪುತ್ತಿಲ್ಲ. ಈ ಮೂರರಲ್ಲಿ ನಿಮ್ಮದು ಯಾವುದು ಅಂತ ಗೊತ್ತಾಗದೆ ಒಂದು ನಟ್ಟೂ ಬಿಚ್ಚಬೇಡಿ.

ಬಿಳಿ ಹೊಗೆ ಇದ್ದರೆ ನನ್ನ ಮೊದಲ ಅನುಮಾನ ಹೀಟರ್ ಪ್ಲಗ್ ಮೇಲೆ, ಅಂದರೆ ಸ್ಟಾರ್ಟ್ ಮಾಡುವ ಮೊದಲು ಎಂಜಿನ್ ಒಳಗೆ ಬಿಸಿ ಕೊಡುವ ಪ್ಲಗ್. ಈ ಎಂಜಿನ್‌ನಲ್ಲಿ ಡೀಸೆಲ್ ನೇರವಾಗಿ ಪಿಸ್ಟನ್ ಮೇಲೆ ಬೀಳುವುದಿಲ್ಲ, ಎಂಜಿನ್ ಮೇಲ್ಭಾಗದ ಹೆಡ್ಡಿನ ಒಳಗಿರುವ ಸಣ್ಣ ಕೋಣೆಗೆ ಬೀಳುತ್ತದೆ. ರಾತ್ರಿಯಿಡೀ ತಣ್ಣಗಾದ ಆ ಕೋಣೆಯ ಗೋಡೆ, ಡೀಸೆಲ್ ಹೊತ್ತಿಸಬೇಕಾದ ಗಾಳಿಯ ಬಿಸಿಯನ್ನೆಲ್ಲ ಹೀರಿಕೊಳ್ಳುತ್ತದೆ, ಅದಕ್ಕೇ ಪ್ಲಗ್ ಬೇಕೇ ಬೇಕು. ಮಧ್ಯಾಹ್ನ ಹೆಡ್ ಬಿಸಿ ಇರುತ್ತದೆ, ಪ್ಲಗ್ ಸತ್ತಿದ್ದರೂ ಗೊತ್ತಾಗುವುದಿಲ್ಲ. ನಿಮ್ಮ ಗಾಡಿ ಮಾಡುತ್ತಿರುವುದೂ ಇದನ್ನೇ ಅಲ್ವಾ?

ಪರೀಕ್ಷೆ ಸುಲಭ. ನಾಲ್ಕೂ ಪ್ಲಗ್‌ಗಳನ್ನು ಜೋಡಿಸುವ ವೈರು ಅಥವಾ ಪಟ್ಟಿ ಬಿಚ್ಚಿ. ಮಲ್ಟಿಮೀಟರನ್ನು ಓಮ್‌ಗೆ ಇಟ್ಟು ಒಂದು ಕಡ್ಡಿ ಪ್ಲಗ್ ತುದಿಗೆ, ಇನ್ನೊಂದು ಎಂಜಿನ್ ಕಬ್ಬಿಣಕ್ಕೆ ಹಿಡಿಯಿರಿ. ಒಂದು ಓಮ್ ಆಸುಪಾಸು ತೋರಿಸಿದರೆ ಬದುಕಿದೆ, ಸಂಪರ್ಕವೇ ಇಲ್ಲ ಎಂದು ತೋರಿಸಿದರೆ ಸುಟ್ಟಿದೆ. ನಾಲ್ಕೂ ಸರಿ ಇದ್ದರೆ ಪಟ್ಟಿ ಮತ್ತೆ ಹಾಕಿ, ಹೀಟರ್ ಆನ್ ಮಾಡಿ, ಪಟ್ಟಿಗೆ ಕರೆಂಟ್ ಬರುತ್ತಿದೆಯಾ ನೋಡಿ. ಬರದಿದ್ದರೆ ಸ್ವಿಚ್, ರಿಲೇ ಅಥವಾ ಫ್ಯೂಸ್ ಕಡೆ ಹೋಗಿ. ಸುಟ್ಟ ಪ್ಲಗ್ ಬಿಚ್ಚುವಾಗ ಮಾತ್ರ ಜೋಪಾನ. ಎಂಜಿನ್ ಬಿಸಿ ಇದ್ದಾಗಲೇ, ಹಿಂದಿನ ದಿನ ತುಕ್ಕು ಬಿಡಿಸುವ ಎಣ್ಣೆ ಹಾಕಿಟ್ಟು, ಮೆಲ್ಲಗೆ ಬಿಚ್ಚಿ. ಒತ್ತಾಯ ಮಾಡಿದರೆ ತುದಿ ಮುರಿದು ಒಳಗೇ ಉಳಿಯುತ್ತದೆ, ಆಮೇಲೆ ಹೆಡ್ ಇಳಿಸುವ ಕೆಲಸ. ಹೊಸದು ತರುವಾಗ ಹಳೆಯದನ್ನು ಅಂಗಡಿಗೆ ತೆಗೆದುಕೊಂಡು ಹೋಗಿ, ಉದ್ದ ಮತ್ತು ವೋಲ್ಟ್ ಎರಡೂ ಹೊಂದಬೇಕು.

ಹೊಗೆಯೇ ಇಲ್ಲ ಅಂದರೆ ಸಾಮಾನ್ಯವಾಗಿ ರಾತ್ರಿ ಎಲ್ಲೋ ಗಾಳಿ ಎಳೆದುಕೊಂಡು ಡೀಸೆಲ್ ಟ್ಯಾಂಕಿಗೆ ವಾಪಸ್ ಇಳಿದಿರುತ್ತದೆ. ಸೆಲ್ಫ್ ಮುಟ್ಟುವ ಮೊದಲೇ ಹ್ಯಾಂಡ್ ಪಂಪ್ (ಕೈಯಿಂದ ಡೀಸೆಲ್ ಎಳೆಯುವ ಸಣ್ಣ ಪಂಪ್) ಒತ್ತಿ. ಮೊದಲು ಮೆತ್ತಗಿದ್ದು, ಒತ್ತುತ್ತಾ ಒತ್ತುತ್ತಾ ಗಟ್ಟಿಯಾಗಿ, ಆಮೇಲೆ ಗಾಡಿ ತಟ್ಟನೆ ಎದ್ದರೆ ಇದೇ ರೋಗ, ಖಚಿತ. ಫಿಲ್ಟರಿನಿಂದ ಎಂಜಿನ್‌ಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಷನ್ ಪಂಪಿಗೆ ಹೋಗುವ ಪೈಪಿನ ಜಾಗದಲ್ಲಿ ಎರಡು ದಿನ ಪಾರದರ್ಶಕ ಡೀಸೆಲ್ ಪೈಪ್ ಹಾಕಿ ನೋಡಿ, ಗುಳ್ಳೆ ಓಡುವುದು ಕಣ್ಣಿಗೇ ಕಾಣುತ್ತದೆ. ಜಾಸ್ತಿ ಸಲ ತಪ್ಪು ಇರುವುದು ಫಿಲ್ಟರ್ ರಬ್ಬರ್, ತಾಮ್ರದ ವಾಷರ್ ಅಥವಾ ಬಿರುಕು ಬಿಟ್ಟ ರಿಟರ್ನ್ ಪೈಪಿನಲ್ಲಿ. ಎಲ್ಲವೂ ಕಡಿಮೆ ದುಡ್ಡಿನ ಸಾಮಾನು. ಹಾಗೇ ಫಿಲ್ಟರ್ ಕೆಳಗಿನ ನೀರನ್ನೂ ಬಿಡಿ.

ಎಳೆದೆಳೆದು ತಿರುಗುವುದಾದರೆ ಬ್ಯಾಟರಿಯನ್ನು ಬೆಳಿಗ್ಗೆಯೇ ಅಳೆಯಿರಿ. 12.6 ವೋಲ್ಟ್ ಅಂದರೆ ತುಂಬಿದೆ, 12.2 ಅಂದರೆ ಅರ್ಧ. ತುಂಬಿದ ಬ್ಯಾಟರಿ ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬಿದ್ದರೆ ಆಗ ಬ್ಯಾಟರಿಯನ್ನು ಅನುಮಾನಿಸಿ. ಬೀಳದಿದ್ದರೆ ಅರ್ತ್, ಅಂದರೆ ಬ್ಯಾಟರಿ ಮೈನಸ್‌ನಿಂದ ಎಂಜಿನ್‌ವರೆಗಿನ ಸಂಪರ್ಕ, ನೋಡಿ: ಮೀಟರಿನ ಒಂದು ಕಡ್ಡಿ ಬ್ಯಾಟರಿ ಮೈನಸ್ ಮೇಲೆ, ಇನ್ನೊಂದು ಎಂಜಿನ್ ಮೇಲೆ ಇಟ್ಟು ಸೆಲ್ಫ್ ಹೊಡೆಸಿ. ಅರ್ಧ ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ಅರ್ತ್ ಪಟ್ಟಿ ಕೊಳೆತಿದೆ. ನಮ್ಮ ಮಳೆಗೆ ಇದು ತೀರಾ ಮಾಮೂಲಿ. ಎಂಜಿನ್ ಆಯಿಲ್ 20ಡಬ್ಲ್ಯು-50 ಹಾಕಿಸಿದ್ದರೆ ಮುಂದಿನ ಸಲ ಚಳಿಗೆ ಅಷ್ಟು ಮಂದವಾಗದ 15ಡಬ್ಲ್ಯು-40 ಹಾಕಿಸಿ, ಎಂಜಿನ್ ತಿರುಗುವುದೂ ಸ್ವಲ್ಪ ಹಗುರವಾಗುತ್ತದೆ.

ದೋಷ ಸಿಗುವವರೆಗೆ 20 ಸೆಕೆಂಡ್ ಹೀಟರ್ ಕೊಟ್ಟು, ಕ್ಲಚ್ ಪೂರ್ತಿ ಒತ್ತಿ, ಒಂದು ಸಲಕ್ಕೆ 10 ಸೆಕೆಂಡಿಗಿಂತ ಜಾಸ್ತಿ ಸೆಲ್ಫ್ ಹೊಡೆಯಬೇಡಿ. ನಡುವೆ ಅರ್ಧ ನಿಮಿಷ ಬಿಡಿ. ಏರ್ ಕ್ಲೀನರ್ ಬಾಯಿಗೆ ಉರಿಯುವ ಬಟ್ಟೆ ಹಿಡಿಯಿರಿ ಅಂತ ಹೇಳುವವರ ಮಾತು ದಯವಿಟ್ಟು ಕೇಳಬೇಡಿ. ಥಟ್ಟನೆ ಹೊತ್ತಿಕೊಳ್ಳುವ ಈಥರ್ ಸ್ಪ್ರೇಯೂ ಬೇಡ. ಕೆಂಪಗೆ ಕಾದ ಹೀಟರ್ ಪ್ಲಗ್‌ಗೆ ಅದು ತಗುಲಿದರೆ ಹೊತ್ತಲ್ಲದ ಹೊತ್ತಿನಲ್ಲಿ ಸಿಡಿದು ಪಿಸ್ಟನ್ ಒಡೆಯಬಹುದು, ಮುಖಕ್ಕೂ ಬೆಂಕಿ ಬರಬಹುದು.

ಇಷ್ಟೆಲ್ಲ ಸರಿ ಇದ್ದೂ ಬಿಳಿ ಹೊಗೆ ನಿಲ್ಲದಿದ್ದರೆ ಕಂಪ್ರೆಶನ್ (ಎಂಜಿನ್ ಒಳಗಿನ ಗಾಳಿಯ ಒತ್ತಡ) ಮತ್ತು ನಾಝಲ್ (ಡೀಸೆಲ್ ಚಿಮ್ಮಿಸುವ ಮೂತಿ) ಟೆಸ್ಟ್ ಮಾಡಿಸಬೇಕು, ಅದು ಪಂಪ್ ಮೆಕ್ಯಾನಿಕ್ ಕೆಲಸ. ನಾಳೆ ಬೆಳಿಗ್ಗೆ ಹೊಗೆ ಹೇಗಿತ್ತು, ಹ್ಯಾಂಡ್ ಪಂಪ್ ಮೆತ್ತಗಿತ್ತಾ, ಮೀಟರ್ ಎಷ್ಟು ತೋರಿಸಿತು, ಈ ಮೂರನ್ನು ಇಲ್ಲೇ ಬರೆಯಿರಿ. ಅದನ್ನು ನೋಡಿ ಮುಂದೇನು ಬಿಚ್ಚಬೇಕು ಅಂತ ಹೇಳುತ್ತೇನೆ.