ಎಡಗೆನ್ನೆ

ಹೆಸರು, ಊರು, ಶಾಲೆ ಎಲ್ಲ ಬದಲಿಸಿದ್ದೇನೆ. ಬರೆಯಲು ಒಪ್ಪಿಗೆ ಕೊಟ್ಟವರು ಅವರೇ. ಇಲ್ಲಿ ಸರೋಜ ಟೀಚರ್ ಎನ್ನೋಣ. ಪ್ರಾಯ 49. ಮನೆ ಉಪ್ಪಳದ ಆಚೆ, ಕೆಲಸ ಕಾಸರಗೋಡು ಪೇಟೆಯ ಹತ್ತಿರದ ಒಂದು ಕನ್ನಡ ಶಾಲೆಯಲ್ಲಿ. ಗಂಡನಿಗೆ ಅಡಿಕೆ ತೋಟ, ಮಗಳು ಬೆಂಗಳೂರಿನಲ್ಲಿ.

ಫೆಬ್ರವರಿಯ ಸೆಕೆಯಲ್ಲಿ ನನ್ನ ಆಪ್ತಸಮಾಲೋಚನೆಯ ಕೋಣೆಗೆ ಮಾಸ್ಕ್ ಹಾಕಿಕೊಂಡೇ ಬಂದು ಕೂತರು. ನಿದ್ರೆ ಬರುವುದಿಲ್ಲ, ಮಕ್ಕಳ ಮೇಲೆ ಸುಮ್ಮನೆ ಸಿಟ್ಟು ಬರುತ್ತದೆ ಎಂದರು. ಇಪ್ಪತ್ತು ನಿಮಿಷ ಅದೇ ಮಾತು. ಮಗಳ ಜೊತೆ ಮಾತಾಡುತ್ತೀರಾ ಎಂದು ಕೇಳಿದೆ. "ಮಾತಾಡ್ತೇನೆ ಮೇಡಂ, ವಿಡಿಯೋ ಆಫ್ ಮಾಡಿ" ಎಂದರು. ಯಾಕೆ ಎಂದು ನಾನು ಕೇಳಲಿಲ್ಲ. ಸ್ವಲ್ಪ ಹೊತ್ತಿಗೆ ಅವರೇ ಮಾಸ್ಕ್ ತೆಗೆದರು. ಎರಡೂ ಕೆನ್ನೆ ಬೇಯಿಸಿದ ಹಾಗೆ ಕೆಂಪು, ಮೇಲೆ ಸಣ್ಣ ಸಣ್ಣ ಗುಳ್ಳೆ, ಮೂಗಿನ ಬದಿಯಲ್ಲಿ ನೂಲಿನಂಥ ರಕ್ತನಾಳ, ಗಲ್ಲದ ಮೇಲೆ ಹೊಸದಾಗಿ ರೋಮ.

ಶುರುವಾದದ್ದು ಅಕ್ಷಯ ಕೇಂದ್ರದಲ್ಲಿ, ಕೇರಳದಲ್ಲಿ ಸರಕಾರಿ ಆನ್‌ಲೈನ್ ಕೆಲಸಗಳನ್ನು ಮಾಡಿಕೊಡುವ ಜಾಗ ಅದು. ಹಿಂದಿನ ಸೆಪ್ಟೆಂಬರಿನಲ್ಲಿ ಆಧಾರ್ ನವೀಕರಿಸಲು ಹೋಗಿದ್ದಾಗ ಕಂಪ್ಯೂಟರಿನ ಪರದೆಯಲ್ಲಿ ತನ್ನ ಫೋಟೋ ನೋಡಿದರು. ಕಣ್ಣಿನ ಕೆಳಗೆ ಚೀಲ, ಕೆನ್ನೆಯ ಮೇಲೆ ಕಂದು ಕಲೆ, ಬಾಯಿಯ ಎರಡು ಬದಿಗೆ ಗೆರೆ. ಇದು ತನ್ನ ಅಕ್ಕನಾ ಎಂದು ಒಂದು ಕ್ಷಣ ಅನಿಸಿತಂತೆ. ಆಮೇಲೆ ನಾವಿಬ್ಬರೂ ಲೆಕ್ಕ ಹಾಕಿ ನೋಡಿದೆವು. ಮೂರು ವರ್ಷದಿಂದ ಅವರು ತನ್ನ ಮುಖವನ್ನು ಹೆಚ್ಚು ನೋಡಿದ್ದು ಮಗಳು ಕೊಡಿಸಿದ ಫೋನಿನ ಸೆಲ್ಫಿಯಲ್ಲಿ. ಆ ಫೋನಿನಲ್ಲಿ ಮುಖ ನುಣುಪು ಮಾಡುವ ಬ್ಯೂಟಿ ಮೋಡ್ ಯಾವಾಗಲೂ ಆನ್ ಆಗಿಯೇ ಇತ್ತು. ಹಾಗೊಂದು ಉಂಟು ಎಂದೇ ಅವರಿಗೆ ಗೊತ್ತಿರಲಿಲ್ಲ. ಮೂರು ವರ್ಷದ ಪ್ರಾಯ ಅಕ್ಷಯ ಕೇಂದ್ರದ ಆ ಬೆಂಚಿನಲ್ಲಿ ಒಂದೇ ಸಲ ಬಂದು ಕೂತಿತ್ತು.

ಮನೆಗೆ ಬಂದು ಗಂಡನಿಗೆ ಹೇಳಿದರೆ, "ಈ ಪ್ರಾಯದಲ್ಲಿ ನಿಂಗೆ ಇದೆಲ್ಲ ಎಂತಕ್ಕೆ ಮಾರಾಯ್ತಿ" ಎಂದು ನಕ್ಕರು. ಪಕ್ಕದ ಮನೆಯವಳು ನಗಲಿಲ್ಲ. ಅವಳ ತಮ್ಮ ಗಲ್ಫಿನಿಂದ ತಂದ ಕ್ರೀಮು ಒಂದು ಟ್ಯೂಬು ಕೊಟ್ಟಳು. ಹದಿನೈದು ದಿನದಲ್ಲಿ ಮುಖ ಬೆಳ್ಳಗಾಯಿತು. ಸ್ಟಾಫ್‌ರೂಮಿನಲ್ಲಿ ಎಲ್ಲರಿಗೂ ಅದೇ ಪ್ರಶ್ನೆ: "ಟೀಚರ್, ನೀವು ಎಂತ ಹಚ್ಚುದು?" ನಾಲ್ಕು ತಿಂಗಳು ಹಚ್ಚಿದರು. ಒಮ್ಮೆ ಟ್ಯೂಬು ಖಾಲಿಯಾಗಿ, ಇನ್ನೊಂದು ಬರುವುದು ವಾರ ತಡವಾದಾಗ ಮುಖ ಉರಿಯತೊಡಗಿತು. ಹೊಸ ಟ್ಯೂಬು ಬಂತು, ಉರಿ ತಣಿಯಿತು. ಮತ್ತೆ ಬಿಟ್ಟರು, ಮತ್ತೆ ಉರಿ. ನನ್ನ ಮುಂದೆ ಕೂತದ್ದು ಆ ಎರಡನೇ ಉರಿಯಲ್ಲಿ.

ಇಲ್ಲಿ ನನ್ನ ತಪ್ಪೊಂದನ್ನು ಹೇಳಬೇಕು. "ಪ್ರಾಯ ಆಗುವುದು ಸಹಜ ಅಲ್ಲವಾ ಟೀಚರ್" ಎಂದುಬಿಟ್ಟೆ. ಅವರು ಮಾಸ್ಕನ್ನು ಮತ್ತೆ ಕಿವಿಗೆ ಸಿಕ್ಕಿಸಿಕೊಂಡರು. ಗಂಡ ಹೇಳಿದ್ದೂ ಅದನ್ನೇ ಅಲ್ಲವೇ, ನಾನು ಸ್ವಲ್ಪ ಮೆತ್ತಗೆ ಹೇಳಿದೆ ಅಷ್ಟೆ. ಚೆನ್ನಾಗಿ ಕಾಣಬೇಕೆಂಬ ಆಸೆಯನ್ನು ನಾವು ಹೀಗೆ ಬಾಗಿಲಲ್ಲೇ ತಡೆದು ಕಳಿಸುತ್ತೇವೆ. ಅದು ಹಿತ್ತಿಲಿನಿಂದ ಹೋಗಿ ಡಾಕ್ಟರ ಚೀಟಿಯಿಲ್ಲದ ಕ್ರೀಮು ತರುತ್ತದೆ. ಆ ದಿನ ಕ್ಷಮೆ ಕೇಳಿ, ಬೇರೆಯದನ್ನೇ ಕೇಳಿದೆ: "ನಿಮ್ಮ ಮುಖದಲ್ಲಿ ನಿಮಗೆ ಯಾವುದು ಬೇಡ, ಬೆರಳಿಟ್ಟು ತೋರಿಸಿ." ಅವರು ಗೆರೆಗಳನ್ನು ತೋರಿಸಲಿಲ್ಲ. ಬೆರಳು ಹೋದದ್ದು ಕಂದು ಕಲೆಗಳ ಮೇಲೆ, ಹೆಚ್ಚಾಗಿ ಎಡಗೆನ್ನೆಗೆ.

ಈ ಸಂಗತಿ ನಮ್ಮ ಕಡೆಯ ಎಷ್ಟೋ ಹೆಂಗಸರಲ್ಲಿ ನೋಡಿದ್ದೇನೆ. ತೀರ ಬಿಳಿ ಚರ್ಮದವರಿಗೆ ಪ್ರಾಯ ಸುಕ್ಕಾಗಿ ಬೇಗ ಕಾಣುತ್ತದೆ. ನಮ್ಮ ಚರ್ಮದ ಬಣ್ಣದಲ್ಲಿರುವ ಮೆಲನಿನ್ ಸುಕ್ಕನ್ನು ಕೆಲವು ವರ್ಷ ಮುಂದೂಡುತ್ತದೆ. ಆದರೆ ಕಲೆ, ಬಂಗು, ಅಲ್ಲಲ್ಲಿ ಗಾಢವಾದ ಬಣ್ಣ ಮೊದಲು ಬರುತ್ತವೆ. ಆದ್ದರಿಂದ ಪ್ರಾಯ ಕಮ್ಮಿ ಕಾಣಬೇಕೆಂದು ಹೊರಟವರು ನೇರ ಬೆಳ್ಳಗೆ ಮಾಡುವ ಕ್ರೀಮಿನ ಅಂಗಡಿಗೆ ಹೋಗಿ ನಿಲ್ಲುತ್ತಾರೆ. ಸ್ಟೀರಾಯ್ಡ್ ಮತ್ತು ಪಾದರಸ ಇರುವುದು ಆ ಅಂಗಡಿಯಲ್ಲೇ.

ನಾನು ಡಾಕ್ಟರಲ್ಲ. ಚರ್ಮದ ಡಾಕ್ಟರ ಹತ್ತಿರ ಕಳಿಸಿದೆ, ಟ್ಯೂಬು ತಪ್ಪದೆ ಒಯ್ಯಿರಿ ಎಂದೆ. ಸ್ಟೀರಾಯ್ಡ್ ಮುಲಾಮಿನಿಂದ ಕೆಟ್ಟ ಮುಖ ಎಂದು ಅವರು ನೋಡಿದ ಕೂಡಲೇ ಹೇಳಿದರು. ಬೀಟಾಮೆಥಾಸೋನ್, ಕ್ಲೊಬೆಟಸಾಲ್, ಮೊಮೆಟಾಸೋನ್ ಇವೆಲ್ಲ ಇಸುಬಿನಂಥ ರೋಗಗಳಿಗೆ ಒಳ್ಳೆಯ ಮದ್ದುಗಳೇ. ಮುಖಕ್ಕೆ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ರಕ್ತನಾಳ ಎದ್ದು ಕಾಣುತ್ತದೆ, ಬಿಟ್ಟರೆ ಉರಿಯುತ್ತದೆ. ಚೀಟಿಯಿಲ್ಲದೆ ಇವನ್ನು ಮಾರಬಾರದೆಂದು ಕೇಂದ್ರ ಸರಕಾರ 2018ರಲ್ಲೇ ಬಿಗಿ ಮಾಡಿದೆ. ಗಲ್ಫಿನಿಂದ ಪೆಟ್ಟಿಗೆಯಲ್ಲಿ ಬರುವುದಕ್ಕೆ ಯಾವ ಚೀಟಿ!

ಡಾಕ್ಟರು ಮೂತ್ರ ಪರೀಕ್ಷೆಯನ್ನೂ ಬರೆದುಕೊಟ್ಟಾಗ ಟೀಚರಿಗೆ ಗಾಬರಿ. ಕೆನ್ನೆಗೂ ಮೂತ್ರಕ್ಕೂ ಎಂತ ಸಂಬಂಧ? ನಮ್ಮದೇ ಕೇರಳದ ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್‌ನ ವೈದ್ಯರು, ಬೆಳ್ಳಗಾಗುವ ಕ್ರೀಮು ಹಚ್ಚುತ್ತಿದ್ದವರಲ್ಲಿ ಮೂತ್ರಪಿಂಡದ ಕಾಯಿಲೆ ಕಂಡು, ಕ್ರೀಮಿನಲ್ಲಿ ಪಾದರಸ ಇದ್ದದ್ದನ್ನು ತೋರಿಸಿ ವರದಿ ಮಾಡಿದ್ದಾರೆ. 2023ರಲ್ಲಿ ರಾಜ್ಯದ ಔಷಧ ನಿಯಂತ್ರಣ ಇಲಾಖೆ ‘ಆಪರೇಷನ್ ಸೌಂದರ್ಯ’ ಎಂದು ಅಂಗಡಿಗಳ ತಪಾಸಣೆ ನಡೆಸಿತು. ಪಾದರಸ ಚರ್ಮದ ಮೂಲಕವೇ ಒಳಗೆ ಹೋಗುತ್ತದೆ. ಮೂತ್ರದಲ್ಲಿ ನೊರೆ, ಕಾಲಿನಲ್ಲಿ ಬಾವು ಬಂದರೆ ಕಾಯಬಾರದು. ಟೀಚರ ವರದಿ ಸರಿಯಾಗಿಯೇ ಬಂತು. ಟ್ಯೂಬಿನ ಮೇಲೆ ತಯಾರಕರ ವಿಳಾಸ, ಬ್ಯಾಚ್ ನಂಬರ್, ಒಳಗೆ ಏನುಂಟು ಎಂಬ ಪಟ್ಟಿ, ಯಾವುದೂ ಇರಲಿಲ್ಲ. ಇವು ಇಲ್ಲದ್ದನ್ನು ಯಾರು ಪ್ರೀತಿಯಿಂದ ಕೊಟ್ಟರೂ ಮುಖಕ್ಕೆ ಹಚ್ಚಬೇಡಿ.

ಸ್ಟೀರಾಯ್ಡ್ ಬಿಡಿಸುವುದು ಡಾಕ್ಟರ ಕೆಲಸ, ಮತ್ತೆ ಹಚ್ಚದ ಹಾಗೆ ನೋಡಿಕೊಳ್ಳುವುದು ನಮ್ಮಿಬ್ಬರ ಕೆಲಸ. ಉರಿ ಎದ್ದಾಗ ಕೈ ತಾನಾಗಿ ಟ್ಯೂಬಿನತ್ತ ಹೋಗುತ್ತದೆ. ಕುಡಿತ ಬಿಡುವವರ ಜೊತೆ ಏನು ಮಾಡುತ್ತೇವೋ ಅದನ್ನೇ ಮಾಡಿದೆವು. ಮನೆಯಲ್ಲಿ ಟ್ಯೂಬು ಇರಬಾರದು. ಅದು ನನ್ನ ಮೇಜಿನ ಡ್ರಾಯರಿಗೆ ಬಂತು. ಉರಿ ಹೆಚ್ಚುವುದು ಸಂಜೆ ಶಾಲೆಯಿಂದ ಬಂದ ಮೇಲೆ ಎಂದು ಬರೆದಿಟ್ಟು ಕಂಡುಕೊಂಡರು. ಆ ಹೊತ್ತಿಗೆ ತಣ್ಣೀರಿನ ಬಟ್ಟೆ, ಡಾಕ್ಟರು ಕೊಟ್ಟ ಪರಿಮಳವಿಲ್ಲದ ಮಾಯಿಶ್ಚರೈಸರ್, ಅರ್ಧ ಗಂಟೆ ಕನ್ನಡಿಯಿಲ್ಲದ ಜಗಲಿ. ಲಿಂಬೆ ರಸ, ಅಡಿಗೆ ಸೋಡಾ, ಪಾರ್ಲರಿನ ಬ್ಲೀಚ್ ಪೂರ್ತಿ ನಿಷೇಧ. ಲಿಂಬೆ ರಸ ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಲೆ ಇನ್ನೂ ಗಾಢವಾಗುತ್ತದೆ. ಹಾಗಿದ್ದೂ ಮಾರ್ಚಿನಲ್ಲಿ ಒಮ್ಮೆ ಪಕ್ಕದ ಮನೆಯಿಂದ ಅದೇ ಕ್ರೀಮು ಕೇಳಿ ತಂದು ಹಚ್ಚಿದರು. ಮರುದಿನ ಫೋನ್ ಮಾಡಿ ಹೇಳಿದರು, ಅದೇ ದೊಡ್ಡದು. ಮುಖ ತಣ್ಣಗಾಗಲು ಜುಲೈ ಬಂತು.

ನಿದ್ರೆಯ ಕಾರಣ ಬೇರೆ ಇತ್ತು. ಎಂಟು ತಿಂಗಳಿನಿಂದ ಮುಟ್ಟು ಹಿಂದೆ ಮುಂದೆ ಆಗುತ್ತಿತ್ತು, ರಾತ್ರಿ ಮೈ ಬೆವತು ಎಚ್ಚರ. ಸ್ತ್ರೀರೋಗ ತಜ್ಞರಿಗೆ ತೋರಿಸಿ ಎಂದೆ. ಮುಟ್ಟು ನಿಂತ ಮೊದಲ ಐದು ವರ್ಷದಲ್ಲಿ ಚರ್ಮವನ್ನು ಬಿಗಿಯಾಗಿಡುವ ಕೊಲಾಜನ್ ಎಂಬ ಪ್ರೋಟೀನು ಸುಮಾರು ಶೇ. 30ರಷ್ಟು ಇಳಿಯುತ್ತದೆ ಎನ್ನುತ್ತಾರೆ ವೈದ್ಯರು. "ಹಾಗಾದ್ರೆ ನಾನು ಎಂತದೋ ತಪ್ಪು ಮಾಡಿದ್ದಲ್ಲ" ಎಂದರು ಟೀಚರ್. ಆ ಒಂದು ಮಾತಿಗೆ ಎರಡು ಭೇಟಿ ಹಿಡಿಯಿತು.

ಕನ್ನಡಿ ನೋಡುವ ಹೊತ್ತನ್ನೂ ಬರೆಸಿದೆ. ದಿನಕ್ಕೆ ಹತ್ತಿರಹತ್ತಿರ ನಲವತ್ತು ನಿಮಿಷ. ಅದರಲ್ಲಿ ಗಂಡ ಗಡ್ಡ ತೆಗೆಯುವ, ಮುಖ ದೊಡ್ಡದು ಮಾಡಿ ತೋರಿಸುವ ಕನ್ನಡಿಯೇ ಹೆಚ್ಚು. ಒಂದು ಗಂಟೆಗಿಂತ ಹೆಚ್ಚು ಹೊತ್ತು ಅದೇ ಚಿಂತೆ, ಬೇರೆಯವರಿಗೆ ಕಾಣದ ದೋಷ ತನಗೆ ಮಾತ್ರ ಕಾಣುವುದು, ಅದಕ್ಕಾಗಿ ಕೆಲಸಕ್ಕೆ ಹೋಗದಿರುವುದು, ಇವು ಸೇರಿದರೆ ಮನೋವೈದ್ಯರಿಗೆ ಕಳಿಸುತ್ತೇನೆ. ಇವರಿಗೆ ಬೇಕಾಗಲಿಲ್ಲ. ಮುಖ ನೋಡಬೇಕಾದದ್ದು ಒಂದು ಕೈ ದೂರದಿಂದ, ಗೋಡೆಯ ಕನ್ನಡಿಯಲ್ಲಿ. ಫೋನಿನ ಬ್ಯೂಟಿ ಮೋಡ್ ಆಫ್. ಮೊದಲ ವಾರ ಕಷ್ಟವಾಯಿತು, ಆಮೇಲೆ ಮರೆತರು.

ಎಡಗೆನ್ನೆಯ ಲೆಕ್ಕ ಬಿಡಿಸಿದ್ದು ಡಾಕ್ಟರು. ಬಸ್ಸಿನಲ್ಲಿ ಯಾವ ಬದಿ ಕೂತುಕೊಳ್ಳುತ್ತೀರಿ ಎಂದು ಕೇಳಿದರಂತೆ. ಹದಿನೆಂಟು ವರ್ಷದಿಂದ ಎಡಬದಿಯ ಕಿಟಕಿ. ಬೆಳಗ್ಗೆ ಉಪ್ಪಳದಿಂದ ತೆಂಕಕ್ಕೆ ಹೊರಟರೆ ಎಡಕ್ಕೆ ಮೂಡಣ ಬಿಸಿಲು, ಸಂಜೆ ಬಡಗಕ್ಕೆ ಮರಳಿದರೆ ಅದೇ ಎಡಕ್ಕೆ ಪಡುವಣ ಬಿಸಿಲು. ನಮ್ಮ ಹೆಚ್ಚಿನ ಬಸ್ಸುಗಳಲ್ಲಿ ಗಾಜೂ ಇಲ್ಲ, ಷಟರ್ ಮಾತ್ರ. ಮಳೆ ಬಂದರಷ್ಟೇ ಇಳಿಸುವುದು. ಗಾಜಿದ್ದರೂ ಚರ್ಮದ ಆಳಕ್ಕಿಳಿದು ಕೊಲಾಜನ್ ಕೆಡಿಸುವ ಯುವಿಎ ಕಿರಣ ಅದರ ಮೂಲಕ ಬರುತ್ತದೆ, ಮೋಡದ ಮೂಲಕವೂ ಬರುತ್ತದೆ. 28 ವರ್ಷ ಟ್ರಕ್ ಓಡಿಸಿದ ಅಮೆರಿಕದ ಒಬ್ಬ ಚಾಲಕನ ಫೋಟೋ 2012ರಲ್ಲಿ ಅಲ್ಲಿನ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿತ್ತು. ಕಿಟಕಿಯ ಕಡೆಯ ಎಡಮುಖ ಬಲಮುಖಕ್ಕಿಂತ ಎಷ್ಟೋ ವರ್ಷ ಮುದಿಯಾಗಿತ್ತು. ಅದನ್ನು ತೋರಿಸಿದಾಗ ಟೀಚರ್ ನಕ್ಕರು. ನನ್ನ ಕೋಣೆಯಲ್ಲಿ ಅವರು ನಕ್ಕದ್ದು ಅದೇ ಮೊದಲು. ಮರುದಿನದಿಂದಲೇ ಬಲಬದಿಯ ಸೀಟು.

ಏಪ್ರಿಲಿನ ಒಂದು ಭೇಟಿಗೆ ಗಂಡನನ್ನೂ ಕರೆಸಿದೆ. "ನಾನು ಬೈಲಿಲ್ಲ ಮೇಡಂ, ಎಂತಕ್ಕೆ ಅಂತ ಕೇಳಿದ್ದು ಅಷ್ಟೆ" ಎಂದು ಶುರುಮಾಡಿದರು. ಅಡಿಕೆಗೆ ಕೊಳೆರೋಗ ಬಂದ ಮೇಲೆ ಮದ್ದು ಬಿಡುತ್ತೀರಾ, ಮೊದಲೇ ಬಿಡುತ್ತೀರಾ ಎಂದು ಕೇಳಿದೆ. "ಮಳೆ ಹಿಡಿಯುವ ಮೊದಲೇ ಒಂದು ಸಲ, ನಲವತ್ತು ದಿವಸ ಬಿಟ್ಟು ಇನ್ನೊಂದು ಸಲ. ಗೊನೆಗೆ ಪೂರ್ತಿ ತಾಗಬೇಕು" ಎಂದರು. ಸನ್‌ಸ್ಕ್ರೀನ್ ಹಾಗೆಯೇ ಎಂದೆ. ಬಿಸಿಲಿಗೆ ಹೊರಡುವ ಮೊದಲು, ತೋರುಬೆರಳು ಮತ್ತು ನಡುಬೆರಳಿನ ಉದ್ದಕ್ಕೆ ಎರಡು ಗೆರೆ ಹಿಂಡಿ ಮುಖ ಕುತ್ತಿಗೆಗೆ ಪೂರ್ತಿ. ಬಿಸಿಲಲ್ಲೇ ಇದ್ದರೆ ಎರಡು ಗಂಟೆಗೊಮ್ಮೆ ಮತ್ತೆ. ಎಸ್‌ಪಿಎಫ್ 30 ಸಾಕು, ಅದು ಚರ್ಮ ಸುಡುವ ಯುವಿಬಿ ಕಿರಣವನ್ನು ಶೇ. 97ರಷ್ಟು ತಡೆಯುತ್ತದೆ, 50ಕ್ಕೆ ಹೋದರೂ ಒಂದೇ ಶೇಕಡ ಹೆಚ್ಚು. ಯುವಿಎಗೆ ಟ್ಯೂಬಿನ ಮೇಲಿನ ‘ಪಿಎ’ ಮುಂದೆ ಮೂರು ಪ್ಲಸ್ ಇರಲಿ. ಬಂಗು ಇದ್ದವರಿಗೆ ಐರನ್ ಆಕ್ಸೈಡ್ ಇರುವ, ಚರ್ಮದ ಬಣ್ಣದ ಸನ್‌ಸ್ಕ್ರೀನ್ ಇನ್ನೂ ಒಳ್ಳೆಯದು, ಕಣ್ಣಿಗೆ ಕಾಣುವ ಬೆಳಕಿನಿಂದಲೂ ಕಲೆ ಗಾಢವಾಗುವುದುಂಟು. ಸಣ್ಣ ಟ್ಯೂಬು ಆರು ತಿಂಗಳು ಬಂದರೆ ಹಚ್ಚಿದ್ದು ಸಾಲಲಿಲ್ಲ ಎಂದೇ ಲೆಕ್ಕ. ಅಷ್ಟು ಖರ್ಚು ಆಗದವರಿಗೆ ದೊಡ್ಡ ಕೊಡೆ, ಬಸ್ಸಿನ ನೆರಳಿನ ಸೀಟು. ಇವು ಬಡವರ ಮದ್ದು ಎಂದು ತಾತ್ಸಾರ ಬೇಡ. ಸನ್‌ಸ್ಕ್ರೀನ್ ಹಚ್ಚಿದವರಿಗೂ ಇವು ಬೇಕು.

ಗಂಡನಿಗೆ ಮದ್ದು ಬಿಡುವ ಲೆಕ್ಕ ಹಿಡಿಸಿಬಿಟ್ಟಿತು. ಈಗ ಬೆಳಗ್ಗೆ ಅವರೇ "ಮದ್ದು ಬಿಟ್ಟಾಯ್ತಾ?" ಎಂದು ಕೇಳುತ್ತಾರಂತೆ. ಟೀಚರಿಗೆ ಅದು ಸ್ವಲ್ಪ ಕಿರಿಕಿರಿಯೇ.

ಮಂಗಳೂರಿನ ಜಾಹೀರಾತು ನೋಡಿ ಬೊಟಾಕ್ಸ್ ಬಗ್ಗೆಯೂ ಕೇಳಿದ್ದರು. ಬೇಡ ಎಂದು ನಾನು ಹೇಳಲಿಲ್ಲ. ಅದು ಸ್ನಾಯುವಿಗೆ ನರದ ಸಂದೇಶ ತಲುಪದ ಹಾಗೆ ಮಾಡಿ ಹುಬ್ಬಿನ ನಡುವಿನ, ಹಣೆಯ ಗೆರೆಗಳನ್ನು ಸಡಿಲ ಮಾಡುತ್ತದೆ. ಮೂರು ನಾಲ್ಕು ತಿಂಗಳಿಗೆ ಮತ್ತೆ ಹಾಕಿಸಬೇಕು. ಕಲೆಗೆ ಅದರಿಂದ ಏನೂ ಆಗುವುದಿಲ್ಲ. ನಿಮ್ಮ ಬೆರಳು ಹೋದದ್ದು ಕಲೆಯ ಮೇಲೆ ಅಲ್ಲವಾ ಎಂದೆ. ಅಲ್ಲಿಗೆ ಆ ಮಾತು ಮುಗಿಯಿತು.

ಆಗಸ್ಟಿನಲ್ಲಿ ಡಾಕ್ಟರು ಟ್ರೆಟಿನಾಯಿನ್ ಶುರುಮಾಡಿದರು, ಕಡಿಮೆ ಪ್ರಮಾಣದ್ದು, ವಾರಕ್ಕೆ ಎರಡು ರಾತ್ರಿ, ಇಡೀ ಮುಖಕ್ಕೆ ಬಟಾಣಿಯಷ್ಟು. ಬಿಸಿಲಿನಿಂದ ಕೆಟ್ಟ ಚರ್ಮಕ್ಕೆ ಚೆನ್ನಾಗಿ ಪರೀಕ್ಷೆಯಾದ ಮದ್ದು ಅದು. ಕಲೆಯೂ ಸಣ್ಣ ಗೆರೆಯೂ ಕಡಿಮೆಯಾಗುತ್ತವೆ. ಮೊದಲ ವಾರಗಳಲ್ಲಿ ಚರ್ಮ ಸುಲಿಯುತ್ತದೆ, ಫಲ ಕಾಣಲು ಮೂರರಿಂದ ಆರು ತಿಂಗಳು ಬೇಕು. ಬಸುರಿಯರಿಗೆ ಕೂಡದು. ಟೀಚರ ಉರಿ ಇಳಿದ ಮೇಲಷ್ಟೇ ಇದನ್ನು ಕೊಟ್ಟದ್ದು, ಯಾರ ಮಾತು ಕೇಳಿಯೋ ಮೊದಲೇ ಹಚ್ಚಿದ್ದರೆ ಅನಾಹುತವಾಗುತ್ತಿತ್ತು. ಹದಿನೈದು ದಿನದಲ್ಲಿ ಬೆಳ್ಳಗಾದ ಮುಖ ನೋಡಿದವರಿಗೆ ಈ ಕಾಯುವಿಕೆ ಕಠಿಣ. ತಿಂಗಳಿಗೆ ಒಂದೇ ಫೋಟೋ, ಅದೇ ಜಗಲಿ, ಅದೇ ಬೆಳಗಿನ ಹೊತ್ತು ಎಂದು ಮಾಡಿಕೊಂಡೆವು. ಅಕ್ಟೋಬರಿನ ಫೋಟೋದಲ್ಲಿ ನನಗೆ ವ್ಯತ್ಯಾಸ ಕಾಣಲಿಲ್ಲ, ಅವರಿಗೆ ಕಂಡಿತು.

ಡಿಸೆಂಬರಿನಲ್ಲಿ ಬಂದಾಗ ಮಾಸ್ಕ್ ಇರಲಿಲ್ಲ. ಕೆಂಪು ಹೋಗಿದೆ, ಎಡಗೆನ್ನೆಯ ಕಲೆ ತೆಳುವಾಗಿದೆ, ಪೂರ್ತಿ ಹೋಗಿಲ್ಲ. ಹೋಗಲಿಕ್ಕಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಮಗಳ ಜೊತೆ ವಿಡಿಯೋದಲ್ಲಿ ಮಾತಾಡುತ್ತಾರೆ. ಹೊರಡುವಾಗ ಡ್ರಾಯರಿನ ಕಡೆ ಕೈ ತೋರಿಸಿ, "ಅದು ಉಂಟಾ ಇನ್ನೂ?" ಎಂದರು. ಉಂಟು ಎಂದೆ, ಒಳಗೊಳಗೆ ಸ್ವಲ್ಪ ಹೆದರಿದೆ ಕೂಡ.

"ಬಿಸಾಡಬೇಡಿ ಮೇಡಂ. ಪಕ್ಕದ ಮನೆಯವಳು ಈಗ್ಲೂ ಅದನ್ನೇ ಹಚ್ಚುದು. ಕಾಲು ಬೀಗಿದೆ ಅಂತ ಹೇಳ್ತಿದ್ಳು ನಿನ್ನೆ. ಇಲ್ಲಿ ತಂದು ತೋರಿಸಿದ್ರೆ ಗುರ್ತ ಹಿಡೀತಾಳೆ. ಅವಳಿಗೆ ಕನ್ನಡ ಬರುದಿಲ್ಲ, ಮಲಯಾಳದಲ್ಲಿ ನಾನು ಹೇಳ್ತೇನೆ."

ಮೊದಲು ಆಸ್ಪತ್ರೆಗೆ, ನಾಳೆಯೇ, ಮೂತ್ರ ಪರೀಕ್ಷೆಗೆ ಕರಕೊಂಡು ಹೋಗಿ ಎಂದೆ. ಟ್ಯೂಬನ್ನು ಕಾಗದದಲ್ಲಿ ಸುತ್ತಿ ಅವರ ಕೈಗೇ ಕೊಟ್ಟು, ಡಾಕ್ಟರಿಗೆ ತೋರಿಸಲು ಹೇಳಿದೆ. ನನ್ನ ಪುಸ್ತಕದಲ್ಲಿ ಶನಿವಾರ ಹತ್ತೂವರೆಗೆ ಇಬ್ಬರ ಹೆಸರು ಬರೆದುಕೊಂಡೆ.